ಅರ್ಥವಿಲ್ಲದ ಇಪ್ಪತ್ತೈದು ಅಕ್ಷರ

ಭಾನುವಾರ ಬೆಳಿಗ್ಗೆ ನೀಲಗಂಗಾ ಎರಡನೆಯ ರೊಟ್ಟಿ ಬಡಿಯುತ್ತಿದ್ದಳು. ಎಂಟು ವರ್ಷದ ಮಗಳು ಪ್ರಣತಿ ಓಡಿ ಬಂದು ಅವಳ ಸೆರಗು ಜಗ್ಗಿದಳು. ಏನೆಂದು ಬಾಯಿಬಿಟ್ಟು ಹೇಳಲಿಲ್ಲ, ಪಡಸಾಲೆಯ ಕಡೆ ಬೆರಳು ತೋರಿಸಿದಳು. ಅಲ್ಲಿ ಮೇಜಿನ ಮೇಲಿದ್ದ ಹೊಸ ಲ್ಯಾಪ್‌ಟಾಪಿನ ಪರದೆಯಲ್ಲಿ ಒಂದು ಖಾಲಿ ಚೌಕ ಮೂಡಿತ್ತು. ಅದರೊಳಗೆ ಸಣ್ಣ ಗೆರೆಯೊಂದು ಮಿಣುಕುತ್ತಿತ್ತು. ನೀಲಗಂಗಾ ಒಲೆ ಸಣ್ಣ ಮಾಡಿ, ಹಿಟ್ಟಿನ ಕೈಯಲ್ಲೇ ಗೋಡೆಯಲ್ಲಿದ್ದ ದೇವರ ಮಾಡದಿಂದ ನನ್ನನ್ನು ಎತ್ತಿಕೊಂಡಳು.

ನಾನು ಒಂದು ಚೀಟಿ. ಅಂಗೈಗಿಂತ ಚಿಕ್ಕ, ಗಟ್ಟಿ ಕಾಗದದ ಚೀಟಿ.

ನಾನು ಹುಟ್ಟಿದ್ದು ದೂರದ ಊರಿನ ಒಂದು ದೊಡ್ಡ ಅಚ್ಚುಮನೆಯಲ್ಲಿ. ಒಂದೇ ಉಸಿರಿನಲ್ಲಿ ಸಾವಿರ ಚೀಟಿಗಳು ಹುಟ್ಟುವ ಜಾಗ ಅದು. ನಮ್ಮೆಲ್ಲರ ಎತ್ತರ ಒಂದೇ, ಬಣ್ಣ ಒಂದೇ. ಆದರೆ ಪ್ರತಿಯೊಬ್ಬರ ಮೈಮೇಲೂ ಇಪ್ಪತ್ತೈದು ಇಂಗ್ಲಿಷ್ ಅಕ್ಷರ, ಅಂಕಿಗಳು ಐದೈದರ ಗುಂಪಾಗಿ ನಿಂತಿದ್ದವು. ಒಬ್ಬರಿಗಿದ್ದಂತೆ ಇನ್ನೊಬ್ಬರಿಗಿರಲಿಲ್ಲ. ನಾನು ನನ್ನನ್ನೇ ಓದಿಕೊಳ್ಳಲು ನೋಡಿದೆ. ಯಾವ ಪದವೂ ಆಗಲಿಲ್ಲ. ಅರ್ಥವೇ ಇಲ್ಲದ್ದನ್ನು ಇಷ್ಟು ಜೋಪಾನವಾಗಿ ಯಾಕೆ ಅಚ್ಚು ಹಾಕಿದರು ಎಂದು ಬಹಳ ದಿನ ಯೋಚಿಸಿದ್ದೇನೆ.

ಗದಗದ ಒಂದು ಕಂಪ್ಯೂಟರ್ ಅಂಗಡಿಯ ಗಾಜಿನ ಕಪಾಟಿನಲ್ಲಿ ಎರಡು ವರ್ಷ ಮಲಗಿದ್ದೆ. ತಳದ ಹಲಗೆಯಿಂದ ನನಗೆ ಕಾಣುತ್ತಿದ್ದುದು ಗಿರಾಕಿಗಳ ಮೊಣಕಾಲು, ಚಪ್ಪಲಿ. ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ಕಂಪ್ಯೂಟರ್ ನಡೆಸುವ ತಂತ್ರಾಂಶದ ಕಳ್ಳ ಕಾಪಿ ಹಾಕಿಸಿಕೊಂಡು ಹೋಗುತ್ತಿದ್ದರು.

ಆ ಭಾನುವಾರದ ಮುನ್ನಾದಿನ ಸಂಜೆ ನೀಲಗಂಗಾ ಬಟ್ಟೆಯ ಚೀಲದಲ್ಲಿ ಲ್ಯಾಪ್‌ಟಾಪ್ ಹಿಡಿದು ಬಂದಳು.

"ಅಣ್ಣಾರ, ತಗೊಂಡು ತಿಂಗಳ ಆಗಿಲ್ಲ. ಪಾಠದ ನಡುವ ತಾನ ಬಂದ್ ಆಗ್ತೈತಿ. ಎರಡು ಭಾನುವಾರ ಕ್ಲಾಸ್ ತಪ್ಪೈತಿ."

ಅಂಗಡಿಯ ಈರಣ್ಣ ಕಿವಿ ತುರಿಸಿಕೊಂಡ. "ಅವತ್ತ ಕಾಪಿ ಹಾಕಿ ಕೊಟ್ಟಿದ್ದೆ ಅಕ್ಕಾರ. ಅದಕ್ಕ ಹಂಗ ಆಗ್ತೈತಿ. ಖರೇದ್ದು ಹಾಕಬೇಕಂದ್ರ ಈ ಚೀಟಿ ಬೇಕು. ಬಿಟ್ಟು ಹೋಗ್ರಿ, ಬುಧವಾರ ಕೊಡ್ತೀನಿ."

"ನಾಳೆ ಹನ್ನೊಂದಕ್ಕ ಕ್ಲಾಸ್ ಐತ್ರಿ. ಹೆಂಗ ಹಾಕೂದು ಹೇಳ್ರಿ, ನಾನ ಹಾಕ್ತೀನಿ."

ಅವನು ಅವಳ ಮುಖ ನೋಡಿದ. ಆಮೇಲೆ ನನ್ನ ಜೊತೆಗೆ ಒಂದು ಪೆನ್ ಡ್ರೈವ್ ಕೊಟ್ಟ. "ಇದನ್ನ ಚುಚ್ಚಿ ಶುರು ಮಾಡ್ರಿ. ಹಳೇದೆಲ್ಲ ಅಳಿಸಿ ಹೊಸದು ಕೂಡ್ತೈತಿ. ನಡುವ ಗುರುತು ಕೇಳ್ತೈತಿ. ಆವಾಗ ಈ ಚೀಟಿ ಮ್ಯಾಲಿನ ಅಕ್ಷರ ಹೊಡೀರಿ. ಒಂದ ತಪ್ಪಿದ್ರೂ ಬಾಗಿಲ ತೆರೆಯಂಗಿಲ್ಲ ಮತ್ತ."

ಮನೆಯಲ್ಲಿ ಅತ್ತೆ ಶಾಂತವ್ವ ಕಾದಿದ್ದರು. ಮನೆಗೆ ಬಂದ ಯಾವ ಹೊಸ ವಸ್ತುವನ್ನೂ ಅವರು ಬೋಳು ಹಣೆಯಲ್ಲಿ ಬಿಡುವವರಲ್ಲ. ಬೆರಳು ಒದ್ದೆ ಮಾಡಿ ವಿಭೂತಿ ಗಟ್ಟಿಯ ಮೇಲೆ ಉಜ್ಜಿ, ಲ್ಯಾಪ್‌ಟಾಪಿಗೆ ಮೂರು ಪಟ್ಟೆ ಎಳೆದರು. ಆಮೇಲೆ ನನಗೂ ಎಳೆದು ದೇವರ ಮಾಡದಲ್ಲಿ ಇಟ್ಟರು. "ಯಂತ್ರಕ್ಕ ಹಚ್ಚಿ ಕೀಲಿಗೆ ಬಿಟ್ರ ನಡದೀತೇನ?"

ದೇವರ ಮಾಡದಲ್ಲಿ ಕೂತವರಿಗೆ ಮನೆಯ ಮಾತೆಲ್ಲ ಕೇಳಿಸುತ್ತದೆ. ಪ್ರಣತಿಗೆ ಮಾತಿನ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನನಗೆ ತಿಳಿದದ್ದು ಅಲ್ಲಿಯೇ. ಶಾಲೆಯಲ್ಲಿ ಮಕ್ಕಳು ಪಾಳಿಯ ಪ್ರಕಾರ ಪಾಠದ ಒಂದೊಂದು ಸಾಲು ಓದುತ್ತಾರೆ. ಇವಳ ನಂಬರು ಹನ್ನೊಂದು. ಜೂನ್ ತಿಂಗಳಲ್ಲಿ ಒಮ್ಮೆ ಇವಳು ಎದ್ದು ನಿಂತಾಗ ತರಗತಿ ನಕ್ಕಿತಂತೆ. ಅಂದಿನಿಂದ ಹತ್ತರ ನಂತರ ಟೀಚರು ಹನ್ನೆರಡನ್ನು ಕರೆಯುತ್ತಾರೆ. ಮಗು ನೋಯದಿರಲಿ ಎಂದೇ ಹಾಗೆ ಮಾಡುವುದು. ಇದೆಲ್ಲ ಮನೆಗೆ ತಿಳಿದದ್ದು ಟೀಚರಿಂದಲೇ, ಪ್ರಣತಿ ಆ ಬಗ್ಗೆ ಒಂದು ಮಾತೂ ಆಡಲಿಲ್ಲವಂತೆ. ಓದುವ ಪುಸ್ತಕವನ್ನು ಮಾತ್ರ ದಿನಾ ಚೀಲದ ತಳಕ್ಕೆ ತಳ್ಳುತ್ತಿದ್ದಳಂತೆ.

ಭಾನುವಾರದ ಕ್ಲಾಸು ಅವಳ ಮಾತಿಗಾಗಿಯೇ ಇದ್ದದ್ದು. ಧಾರವಾಡದ ಡಾಕ್ಟರಮ್ಮ ಪರದೆಯ ಮೇಲೆ ಬಂದು ಕಲಿಸುತ್ತಿದ್ದರು. ತಾಯಿಗೂ ಒಂದು ಪಾಠ ಕೊಟ್ಟಿದ್ದರು: ಮಗುವಿನ ಮಾತನ್ನು ನೀವು ಮುಗಿಸಬೇಡಿ, ಕಾಯಿರಿ.

ಈಗ ಲ್ಯಾಪ್‌ಟಾಪ್ ಕಾಯುತ್ತಿತ್ತು. ನೀಲಗಂಗಾ ಕೈ ಒರೆಸಿಕೊಂಡು ನನ್ನನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ಸಣ್ಣ ಅಕ್ಷರ ಅವಳ ಕಣ್ಣಿಗೆ ಹಿಡಿಯಲಿಲ್ಲ.

"ಪುಟ್ಟೀ, ನೀ ಓದು. ನಾ ಹೊಡೀತೀನಿ."

ಪ್ರಣತಿ ಒಂದು ಹೆಜ್ಜೆ ಹಿಂದೆ ಸರಿದಳು. ಬಾಗಿಲಲ್ಲಿ ಕೂತಿದ್ದ ಶಾಂತವ್ವ, "ಕೂಸಿಗ್ಯಾಕ ತ್ರಾಸ ಕೊಡ್ತೀ? ಇಲ್ಲಿ ಕೊಡ, ನಾ ಓದ್ತೀನಿ" ಎಂದರು.

"ನಿಮಗ ಇಂಗ್ಲಿಷ್ ಬರ್ತೈತೇನ್ರಿ ಅತ್ತೀ?"

"ಬರಂಗಿಲ್ಲ. ಆದ್ರ ಕಣ್ಣು ಚಲೋ ಅದಾವು."

ಮಗುವಿಗೆ ನಗು ಬಂತು. ನಗುತ್ತಲೇ ನನ್ನನ್ನು ಈಸಿಕೊಂಡಳು. "ಟ್... ಟ್..." ತಾಯಿ ತುಟಿ ಕಚ್ಚಿ ಸುಮ್ಮನಿದ್ದಳು. ಗೆರೆ ಮಿಣುಕುತ್ತಲೇ ಇತ್ತು. "ಟ್... ಟಿ."

"ಹ್ಞೂಂ."

"ನೈನ್."

ಆಮೇಲೆ ಒಂದು ಆಶ್ಚರ್ಯ ನಡೆಯಿತು. ನನ್ನಲ್ಲಿ ಪದಗಳಿರಲಿಲ್ಲವಲ್ಲ, ಮುಂದೆ ಇಂಥ ಮಾತು ಬರುತ್ತದೆ ಎಂದು ಅವಳು ಮೊದಲೇ ಹೆದರುವಂತಿರಲಿಲ್ಲ. ಒಂದೊಂದು ಅಕ್ಷರ ಒಂಟಿಯಾಗಿ ಬಂತು, ಹೋಯಿತು. ಮೂರನೆಯ ಗುಂಪಿಗೆ ಬರುವಷ್ಟರಲ್ಲಿ ಅವಳ ಉಸಿರು ಸಮವಾಗಿತ್ತು. ಯಾರೂ ಓದಲಾರರು ಎಂದುಕೊಂಡಿದ್ದ ನನ್ನ ಮೈಯ ಅಕ್ಷರಗಳು ಒಂದು ಮಗುವಿನ ಬಾಯಲ್ಲಿ ದನಿಯಾಗುತ್ತಿದ್ದವು.

ಇಪ್ಪತ್ತೈದೂ ಮುಗಿದವು. ನೀಲಗಂಗಾ ಗುಂಡಿ ಒತ್ತಿದಳು. ಪರದೆಯಲ್ಲಿ ಕೆಂಪು ಸಾಲು ಬಂತು: ಈ ಕೀಲಿ ಸರಿಯಿಲ್ಲ.

ನಾನು ಪ್ರಣತಿಯ ಕೈಯಿಂದ ಜಾರಿ ನೆಲಕ್ಕೆ ಬಿದ್ದೆ. ಕೆಳಗಿನಿಂದ ನನಗೆ ಕಂಡದ್ದು ಮಗುವಿನ ಕಾಲಿನ ಬೆರಳುಗಳು. ಒಳಗೆ ಮಡಚಿಕೊಂಡಿದ್ದವು, ಯಾರೋ ಈಗ ನಗುತ್ತಾರೆ ಎಂಬಂತೆ.

ಯಾರೂ ನಗಲಿಲ್ಲ. ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಯಂತ್ರ ಬೈಯಲಿಲ್ಲ, ಮುನಿಯಲಿಲ್ಲ, ಇನ್ನೊಬ್ಬರನ್ನು ಕರೆಯಲೂ ಇಲ್ಲ. ಹೊಡೆದ ಅಕ್ಷರಗಳನ್ನು ಹಾಗೆಯೇ ಉಳಿಸಿ, ಚೌಕವನ್ನು ಮತ್ತೆ ತಿದ್ದಲು ಬಿಟ್ಟುಕೊಟ್ಟಿತು. ಗೆರೆ ಮೊದಲಿನಂತೆಯೇ ಮಿಣುಕಿತು. ಪ್ರಣತಿ ಅದನ್ನೇ ನೋಡುತ್ತ ನಿಂತಳು.

ಆಮೇಲೆ ಬಗ್ಗಿ ನನ್ನನ್ನು ಎತ್ತಿಕೊಂಡು, ತಾಯಿಯ ಸೆರಗಿನ ತುದಿಯಿಂದ ವಿಭೂತಿ ಒರೆಸಿದಳು. ಪಟ್ಟೆಯ ತುದಿ ನನ್ನ ಒಂದು ಎಂಟರ ಎಡ ಅರ್ಧವನ್ನು ಮುಚ್ಚಿ ಅದನ್ನು ಮೂರು ಮಾಡಿತ್ತು.

"ಅಜ್ಜೀ!" ಅಂದಳು ಮಗು, ನನ್ನನ್ನು ಎತ್ತಿ ತೋರಿಸುತ್ತ.

"ದೇವರ ವಿಭೂತಿ ಎಂಟನ್ನ ಮೂರು ಮಾಡ್ತೈತಂತ ನನಗೇನ್ ಗೊತ್ತವಾ!" ಶಾಂತವ್ವ ಗಲ್ಲಕ್ಕೆ ಕೈ ಹಚ್ಚಿದರು.

"ಅದೊಂದ ತಿದ್ದಿದ್ರ ಸಾಕು ಪುಟ್ಟಿ" ಎಂದಳು ತಾಯಿ. ಪ್ರಣತಿ ತಲೆಯಾಡಿಸಿದಳು, ಸಾಲದು ಎಂದು. ಮೊದಲಿನಿಂದ ಓದಿದಳು, ಇಪ್ಪತ್ತೈದನ್ನೂ. ಎರಡು ಕಡೆ ತಡೆಯಿತು. ತಡೆದಲ್ಲಿ ನಿಂತಳು, ಮತ್ತೆ ಹೊರಟಳು.

ಬಾಗಿಲು ತೆರೆಯಿತು. ಪರದೆಯ ಮೇಲೆ ಬಿಳಿ ಚುಕ್ಕಿಗಳು ವರ್ತುಲವಾಗಿ ಸುತ್ತಿದವು. ನೀಲಿ ಬೆಳಕು ಮೂವರ ಮುಖದ ಮೇಲೂ ಬಿತ್ತು. ನನ್ನ ಬಡ ಅಕ್ಷರಗಳಿಗೆ ಇದು ಸಾಧ್ಯವೇ ಎಂದು ನಾನು ಬೆರಗಾದೆ. ಯಾವ ಭಾಷೆಯಲ್ಲೂ ಅರ್ಥವಿಲ್ಲದ್ದನ್ನು ಒಬ್ಬರು ತಾಳ್ಮೆಯಿಂದ ಹೇಳಿದರೆ, ಇನ್ನೊಬ್ಬರು ತಾಳ್ಮೆಯಿಂದ ಕೇಳಿದರೆ, ಅಷ್ಟಕ್ಕೇ ಒಂದು ಲೋಕ ತೆರೆದುಕೊಳ್ಳುತ್ತದೆ.

ನನ್ನ ಕೆಲಸ ಅಂದಿಗೆ ಮುಗಿಯಿತು. ಈಗ ಕಪಾಟಿನ ತಗಡಿನ ಡಬ್ಬಿಯಲ್ಲಿ, ಪ್ರಣತಿಯ ಜನನ ಪತ್ರದ ಕೆಳಗೆ ಮಲಗಿದ್ದೇನೆ. ಅಂಚು ಹಳದಿಯಾಗಿದೆ. ಎಂಟರ ಮೇಲೆ ಇನ್ನೂ ತುಸು ವಿಭೂತಿ ಉಳಿದಿದೆ. ಒಂದೇ ದಿನದ ದುಡಿಮೆಯ ಬಾಳು ನನ್ನದು, ಆದರೆ ಆ ದಿನ ನೆನೆದರೆ ಅದು ಸಣ್ಣದೆನಿಸುವುದಿಲ್ಲ. ಅದರ ಕೊನೆಯನ್ನು ನಾನಿನ್ನೂ ಹೇಳಿಲ್ಲ.

ಕ್ಲಾಸಿಗೆ ಇನ್ನೂ ಅರ್ಧ ಗಂಟೆಯಿತ್ತು. ನೀಲಗಂಗಾ ಅಡುಗೆಮನೆಗೆ ಓಡಿ, ಸೀದ ರೊಟ್ಟಿಯನ್ನು ತೆಗೆದಿಟ್ಟು, ಮತ್ತೆ ಹಿಟ್ಟು ನಾದತೊಡಗಿದಳು. ಪ್ರಣತಿ ನನ್ನನ್ನು ಹಿಡಿದುಕೊಂಡೇ ಬಂದು ಅವಳ ಬದಿಗೆ ನಿಂತಳು. ಸೆರಗು ಜಗ್ಗಲಿಲ್ಲ. ಬೆರಳು ತೋರಿಸಲಿಲ್ಲ.

"ಅ... ಅವ್ವಾ."

ನಾದುವ ಕೈ ನಿಂತಿತು. ನೀಲಗಂಗಾ ತಿರುಗಿದಳು. ಮುಂದಿನ ಮಾತು ಅವಳಿಗೆ ತಿಳಿದಿತ್ತೋ ಏನೋ. ತಿಳಿದಿದ್ದರೂ ಹೇಳಲಿಲ್ಲ. ಆ ಗೆರೆಯಂತೆ ಕಾದಳು.

"ನಾ... ನಾ... ನಾಳೆ ಸಾಲ್ಯಾಗ ನನ್ನ ಪಾಳಿ ಬಂದಾಗ... ನಾನೂ ಓದ್ಲೇನು?"