ತಕ್ಕಡಿಗೆ ಇಟ್ಟ ಕುಂಕುಮ

ಲಗ್ಗೆರೆಯ ವೆಂಕಟೇಶಪ್ಪ ರಾಗಿ ಹೊಲದಲ್ಲಿ ಶೆಡ್ ಎಬ್ಬಿಸಿದ್ದು ಪೀಣ್ಯದ ಯಾವುದಾದರೂ ಕಾರ್ಖಾನೆಗೆ ಬಾಡಿಗೆ ಕೊಡಲು. ಕಾರ್ಖಾನೆ ಬರಲಿಲ್ಲ, ಫಾರ್ಮಸಿ ಕಾಲೇಜು ಬಂತು; ಅದಕ್ಕೂ ಅವರೇ ಯಜಮಾನರು. ಎಂಬತ್ತಮೂರರಲ್ಲಿ ಮೊದಲ ತಂಡದ ಹದಿನೆಂಟು ಮಂದಿ ಸೇರಿದಾಗ, ಅವರನ್ನು ಕಠಿಣ ವ್ಯಾಸಂಗಕ್ಕೆ ಅಣಿಗೊಳಿಸುವ ಮೂರು ದಿನದ ತರಬೇತಿಯನ್ನು ಪ್ರಿನ್ಸಿಪಾಲ್ ಗೋಪಾಲಪ್ಪನವರೇ ವಹಿಸಿಕೊಂಡರು.

ಎರಡು ದಿನ ಬರೀ ಭಾಷಣ. ಲ್ಯಾಬಿನ ಮೂಲೆಯಲ್ಲಿ ಸೀಸೆ ತೊಳೆಯುತ್ತ ರಾಮಮ್ಮ ಅಷ್ಟನ್ನೂ ಕೇಳಿದಳು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಈ ಕೆಲಸ ಸಿಕ್ಕಿದ್ದೇ ದೊಡ್ಡದು. ತಕ್ಕಡಿ ಮುಟ್ಟಿದರೆ ಕೆಲಸ ಹೋಯಿತು ಎಂದು ಮೊದಲ ದಿನವೇ ಹೇಳಿದ್ದರು.

ಮೂರನೇ ದಿನ ತೂಕದ ಪಾಠ. ಗಾಜಿನ ಪೆಟ್ಟಿಗೆಯೊಳಗಿನ ಆ ತಕ್ಕಡಿಗೆ ಹಿಂದಿನ ವಾರವಷ್ಟೇ ಆಯುಧಪೂಜೆ ಆಗಿತ್ತು. ವೆಂಕಟೇಶಪ್ಪ ಕೈಯಾರೆ ಎಡದ ತಟ್ಟೆಗೆ ಗಂಧ ಮೆತ್ತಿ ಕುಂಕುಮ ಇಟ್ಟಿದ್ದರು. ಅದು ಒಣಗಿ ಬಿಲ್ಲೆಯಾಗಿ ಕೂತಿತ್ತು.

"ಗುಲಗಂಜಿಯಷ್ಟು ಹೆಚ್ಚುಕಮ್ಮಿ ಆದ್ರೂ ರೋಗಿ ಹೋದ ಅಂತ ತಿಳ್ಕೊಳ್ಳಿ" ಎಂದರು ಗೋಪಾಲಪ್ಪ. "ಎರಡು ಕಡೆಗೂ ಐದೈದು ಗ್ರಾಮಿನ ಬಟ್ಟು ಇಟ್ಟು ಮುಳ್ಳು ನಡುವೆ ನಿಲ್ಲಿಸಿ. ಆಗದೋರು ಗಂಟು ಕಟ್ಟಿ."

ಮೊದಲ ಸರದಿ ಆನೇಕಲ್ಲಿನ ಈಶ್ವರಮ್ಮನದು. ಮುಳ್ಳು ಎಡಕ್ಕೇ ವಾಲಿತು.

"ಸಾರ್, ಎರಡೂ ಒಂದೇ ಇಟ್ಟಿದೀನಿ ಸಾರ್."

"ಹಾಗಾದ್ರೆ ತಕ್ಕಡಿ ಸುಳ್ಳು ಹೇಳ್ತದಾ? ಜರ್ಮನ್ ಮಾಲು ಕಣಮ್ಮ! ಹುರುಳಿ ಅಳೆದ ಕೈ ನಿಂದು. ಕಾಫಿ ಕುಡಿದು ಬರ್ತೀನಿ, ಅಷ್ಟರಲ್ಲಿ ನಿಲ್ಲದಿದ್ರೆ ನಿಮ್ಮಪ್ಪ ಬಂದು ಕರ್ಕೊಂಡು ಹೋಗ್ಲಿ."

ಈಶ್ವರಮ್ಮನ ಕಣ್ಣು ತುಂಬಿತು. ರಾಮಮ್ಮ ಬಾಗಿಲ ಕಡೆ ಒಮ್ಮೆ ನೋಡಿದಳು. ಒದ್ದೆ ಬಟ್ಟೆ ತಂದು ಬಿಲ್ಲೆ ಒರೆಸಿ, ಒಣಬಟ್ಟೆಯಲ್ಲಿ ತಟ್ಟೆ ಉಜ್ಜಿದಳು. ಮುಳ್ಳು ನಡುವೆ ನಿಂತಿತು.

ಗೋಪಾಲಪ್ಪ ಬಂದು ನೋಡಿ ಬೀಗಿದರು. "ನೋಡಿದ್ರಾ? ಬೈಸ್ಕೊಂಡ್ರೆ ಕೈ ತಾನಾಗೇ ಪಳಗ್ತದೆ."

ಅವರ ಬೆನ್ನಿಗೇ ವೆಂಕಟೇಶಪ್ಪ ಬಂದರು. ಅವರು ಮುಳ್ಳು ನೋಡಲಿಲ್ಲ. "ಕುಂಕುಮ ಎಲ್ರೀ? ಯಾರು ಒರೆಸಿದ್ದು?"

ಹದಿನೆಂಟು ತಲೆಗಳೂ ನೋಟ್ ಪುಸ್ತಕಕ್ಕೆ ಬಾಗಿದವು. ಈಶ್ವರಮ್ಮನದು ಎಲ್ಲರಿಗಿಂತ ಕೆಳಗೆ.

"ನಾನೇ ಯಜಮಾನ್ರೇ" ಎಂದಳು ರಾಮಮ್ಮ. "ಒಂದ್ಕಡೆ ವಾಲ್ತಿತ್ತು."

"ಮುತ್ತೈದೆ ಅಣೆ ಒರೆಸ್ದಂಗೆ ಒರೆಸವ್ಳಲ್ರೀ! ನಾಳೆಯಿಂದ ಬರಬ್ಯಾಡ ನೀನು."

ಗಂಧ ತರಿಸಿ, ಈ ಸಲ ಇನ್ನೂ ದಪ್ಪಗೆ ಮೆತ್ತಿದರು. ಗೋಪಾಲಪ್ಪ ಕೈಮುಗಿದು, "ಹ್ಞೂಂ, ಮತ್ತೆ ಶುರು ಮಾಡಿ" ಎಂದರು.

ಬುತ್ತಿ ಡಬ್ಬಿ ಎತ್ತಿಕೊಂಡು ರಾಮಮ್ಮ ಹೊಸಿಲು ದಾಟುವಾಗ ಮುಳ್ಳು ಎಡಕ್ಕೆ ಪೂರಾ ಮಲಗಿತ್ತು.

"ನಡುವೆ ಇದೆ ಸಾರ್" ಎಂದಳು ಈಶ್ವರಮ್ಮ.

"ನಡುವೆ ಇದೆ ಸಾರ್" ಎಂದ ಮುಂದಿನವನು.

ಮೂರನೇ ದಿನದ ತರಬೇತಿ ಊಟದ ಹೊತ್ತಿಗೇ ಮುಗಿಯಿತು.