ಬಿಸಿಯಾದರೆ ಬಾಯಿ ಮುಚ್ಚುವ ಕಾರು

ಮನುಷ್ಯರು ತಲೆ ಬಿಸಿಯಾದಾಗ ಬಾಯಿ ಬಿಡುತ್ತಾರೆ. ಟೈಲರಮ್ಮನ ಪುಟ್ಟ ಹಳೇ ಕಾರಿನದು ತಿರುಗುಮುರುಗು. ಬೆಳಿಗ್ಗೆ ತಣ್ಣಗಿರುವಾಗ ಚಾಲೂ ಮಾಡಿದರೆ ಬಾನೆಟ್ಟಿನೊಳಗಿಂದ ಟಿಕ್‌ಟಿಕ್‌ಟಿಕ್ ಎಂದು ಚಾಡಿ ಹೇಳುತ್ತಿತ್ತು. ಇಪ್ಪತ್ತು ನಿಮಿಷ ಓಡಿಸಿಕೊಂಡು ಹೋಗಿ ಭಾವನ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಗಪ್‌ಚಿಪ್.

ಅಕ್ಕನ ಗಂಡನಾದ ಈ ಭಾವನಿಗೆ ಡಾಕ್ಟರು ಅಂತ ಅಡ್ಡಹೆಸರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಕಣ್ಣು ಮುಚ್ಚಿದನೆಂದರೆ ರೋಗ ತಾನಾಗಿ ಬಾಯಿಬಿಡುತ್ತದೆ ಎಂಬ ಖ್ಯಾತಿ. ಆ ಖ್ಯಾತಿಯನ್ನು ಹಬ್ಬಿಸಿದವನೂ ಅವನೇ. ಟೈಲರಮ್ಮನ ಕಾರಿಗೆ ಮೂರು ಸಲ ಒತ್ತಿದ್ದ, ಮೂರು ಸಲ ನಕ್ಕಿದ್ದ.

"ನಾದಿನಿ ಅಂದ್ರೆ ಕಾರಿಗೂ ಭಯ ಕಣಮ್ಮಾ, ಉಸಿರೆತ್ತಲ್ಲ. ಒಳಗೆ ವಾಲ್ವು ತಟ್ಟೋ ಟ್ಯಾಪೆಟ್ಟು ಸ್ವಲ್ಪ ಸಡಿಲ. ವಯಸ್ಸಾಯ್ತು, ಅಷ್ಟೇ."

"ನಮ್ಮ ಅಂಗಡಿಗೆ ಬರೋ ಲಾರಿ ಡ್ರೈವರ್ ಬೇರೆ ಹೇಳ್ತಾನೆ ಭಾವಾ. ಇಂಜಿನ್ನಿಂದ ಹೊಗೆ ಹೊರಗೆ ಒಯ್ಯೋ ಮ್ಯಾನಿಫೋಲ್ಡ್ ಇದೆಯಲ್ಲ, ಅದರ ಸಂದಿಯಲ್ಲಿ ಹೊಗೆ ಸೋರದ ಹಾಗೆ ಕೂರಿಸೋ ಗ್ಯಾಸ್ಕೆಟ್ ಪಟ್ಟಿ ಹೋದ್ರೆ ಹೀಗೇ ಟಿಕ್ ಅನ್ನತ್ತಂತೆ. ಬಿಸಿಯಾದ್ರೆ ಕಬ್ಬಿಣ ಹಿಗ್ಗಿ ಸಂದಿ ಮುಚ್ಕೊಳತ್ತಂತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಡಾಕ್ಟರು ಥಟ್ಟನೆ ಸಿಡುಕಿದ. "ಆರು ತಿಂಗಳ ಹಿಂದೆ ಬಿಚ್ಚಿದಾಗ ಹೊಸದೇ ಹಾಕಿದೀನಿ. ನೀನು ಕಾಜಾ ಗುಂಡಿ ನೋಡ್ಕೋ, ಸಾಕು."

ಟೈಲರಮ್ಮ ಅಷ್ಟಕ್ಕೇ ಬಿಡುತ್ತಿದ್ದಳೇನೋ. ಮಗಳ ತಲೆನೋವು ಬಿಡಲಿಲ್ಲ. ಪ್ರತಿ ಬೆಳಿಗ್ಗೆ ಕಾರು ಚಾಲೂ ಮಾಡಿ, ಗಾಜು ಏರಿಸಿ, ಗಾಜಿನ ಮಂಜು ಬಿಡಲೆಂದು ಹೊರಗಾಳಿ ಎಳೆದು ಊದುವ ಬ್ಲೋವರ್ ಹಾಕಿ, ಒಂಬತ್ತು ವರ್ಷದ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತಾನು ಹೊಲಿದ ಯೂನಿಫಾರ್ಮಿನ ಗಂಟುಗಳನ್ನು ಒಂದೊಂದಾಗಿ ತಂದು ಡಿಕ್ಕಿಗೆ ತುಂಬುತ್ತಿದ್ದಳು. ಶಾಲೆ ಅಲ್ಲಿಂದ ಐದೇ ನಿಮಿಷ. ಇಳಿಯುವಾಗ ಮಗಳ ಮುಖ ಬಿಳಿಚಿರುತ್ತಿತ್ತು. "ತಲೆ ಸಿಡೀತಿದೆ ಅಮ್ಮಾ." ರಜೆಯ ದಿನ ಮಾತ್ರ ಸಿಡಿಯುತ್ತಿರಲಿಲ್ಲ. ಅದಕ್ಕೇ ಅಕ್ಕ ತೀರ್ಪು ಕೊಟ್ಟಿದ್ದಳು: "ಶಾಲೆಗೆ ಚಕ್ಕರ್ ಹೊಡಿಯೋ ನಾಟಕ ಕಣೇ. ಎರಡು ಬಿಟ್ರೆ ಸರಿಹೋಗತ್ತೆ."

ಟೈಲರಮ್ಮ ಒಂದೇ ಬಿಟ್ಟಳು. ಮಗಳು ಅಳಲಿಲ್ಲ. ಕಾರಿನಿಂದಿಳಿದು ಶಾಲೆಯ ಗೇಟಿನ ಬಳಿ ವಾಂತಿ ಮಾಡಿಕೊಂಡಳು.

ಮರುದಿನ ಮಗಳನ್ನು ಮನೆಯೊಳಗೆ ಬಿಟ್ಟು, ಅದೇ ಸೀಟಿನಲ್ಲಿ, ಅದೇ ಗಾಜು ಏರಿಸಿ, ಅದೇ ಬ್ಲೋವರ್ ಹಾಕಿ, ಅದೇ ಟಿಕ್‌ಟಿಕ್ ಕೇಳುತ್ತ ಅವಳೇ ಕೂತಳು. ಹತ್ತು ನಿಮಿಷಕ್ಕೆ ಹಣೆಯೊಳಗೆ ಯಾರೋ ದಬ್ಬಳ ಚುಚ್ಚತೊಡಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಕಾರು ಕೆಮ್ಮಿದ್ದಕ್ಕೆ ಮಗಳ ಕೆನ್ನೆಗೆ ಮದ್ದು! ಬಾಗಿಲು ತಳ್ಳಿ ಹೊರಬಿದ್ದಾಗ, ಹೊಡೆದ ಅಂಗೈ ಉರಿಯುತ್ತಿತ್ತು.

ಆ ಸಂಜೆ ಕಾರನ್ನು ಗ್ಯಾರೇಜಿನಲ್ಲಿ ನಿಲ್ಲಿಸಿದಳು.

"ಕೀ ಕೊಡಮ್ಮಾ," ಅಂದ ಡಾಕ್ಟರು.

"ನನ್ನ ಹತ್ರಾನೇ ಇರ್ಲಿ. ನಿಮ್ಮ ರೋಗಿ ಬೆಳಗಿನ ತನಕ ತಣ್ಣಗೆ ಮಲಗಲಿ."

ಬೆಳಿಗ್ಗೆ ಮೊದಲ ಬಸ್ಸಿಗೇ ಮಗಳ ಜೊತೆ ಬಂದಿಳಿದಳು. ಬಾನೆಟ್ ಎತ್ತಿಸಿ ಕೀ ತಿರುಗಿಸಿದಳು. ಟಿಕ್‌ಟಿಕ್‌ಟಿಕ್.

"ಕೇಳ್ತಾ ಡಾಕ್ಟ್ರೇ?"

"ಟ್ಯಾಪೆಟ್ಟು ಅಂತ ಆಗ್ಲೇ ಅಂದ್ನಲ್ಲಾ..."

ಅವಳು ಚೀಲದಿಂದ ಒಂದೆಳೆ ಬಿಳಿ ನೂಲು ತೆಗೆದು ಮ್ಯಾನಿಫೋಲ್ಡಿನ ಸಂದಿಯ ಪಕ್ಕ ಇಳಿಬಿಟ್ಟಳು. ಇಂಜಿನ್ನಿನ ಹೊಗೆ ಮ್ಯಾನಿಫೋಲ್ಡಿಗೆ ಸೇರುವ ಮೊದಲ ತೂತಿನ ಬಳಿ ನೂಲು ಸುಮ್ಮನಿತ್ತು. ಎರಡನೆಯದರ ಬಳಿ ಪ್ರತಿ ಟಿಕ್ಕಿಗೊಮ್ಮೆ ಫಕ್ಕನೆ ಹಾರಿತು. ಅಲ್ಲೇ ಕಬ್ಬಿಣದ ಮೇಲೆ ನಾಲಿಗೆ ಚಾಚಿದಂತೆ ಕಪ್ಪು ಮಸಿ.

"ಟ್ಯಾಪೆಟ್ಟು ಊದತ್ತಾ ಭಾವಾ?"

ಡಾಕ್ಟರು ಬಾಯಿ ಮುಚ್ಚಿಕೊಂಡು ಸ್ಪ್ಯಾನರ್ ತೆಗೆದ. ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಕುಡಿಸಿ ಬಿಚ್ಚಿದ. ಹೊರಬಂದ ಗ್ಯಾಸ್ಕೆಟ್ ಅಪ್ಪಚ್ಚಿಯಾಗಿತ್ತು. ಎರಡನೇ ತೂತಿನ ಅಂಚು ಸುಟ್ಟು ಹರಿದಿತ್ತು. ಸುತ್ತಲೂ ಒಣಗಿದ ಕೆಂಪು ಪೇಸ್ಟು.

"ಹಳೇದನ್ನೇ ಮೆತ್ತಿ ಕೂರಿಸಿದ್ರಿ."

"ಚೆನ್ನಾಗೇ ಇತ್ತಮ್ಮಾ... ಇನ್ನೊಂದಷ್ಟು ದಿನ ಬರತ್ತೆ ಅಂತ..."

"ಒಮ್ಮೆ ಇಸ್ತ್ರಿ ಒತ್ತಿ ಕಾಲರಿನೊಳಗೆ ಅಂಟಿಸಿದ ಗಟ್ಟಿ ಕ್ಯಾನ್ವಾಸ್ ಕಿತ್ತು ಇನ್ನೊಂದು ಕಾಲರಿಗೆ ಹಾಕಿದ್ರೆ ಕೂರತ್ತಾ? ನನ್ನಂಥ ಕಾಜಾ ಗುಂಡಿಯವಳಿಗೂ ಗೊತ್ತು! ಕಾಲರ್ ಮುದುರಿದ್ರೆ ಗಿರಾಕಿ ಬೈತಾನೆ. ಇದು ಮುದುರಿದ್ದಕ್ಕೆ ಹೊಗೆ ಬ್ಲೋವರಿನಿಂದ ಒಳಗೆ ನುಗ್ಗಿ ನನ್ನ ಮಗಳು ವಿಷ ಕುಡಿದ್ಲು. ಮೇಲಿಂದ ನನ್ನ ಕೈಯಲ್ಲಿ ಏಟೂ ತಿಂದ್ಲು!"

ಪಕ್ಕದ ಟೈರಿನಂಗಡಿಯವರೆಲ್ಲ ಹೊರಬಂದು ನಿಂತರು. ಡಾಕ್ಟರು ಅವರ ಕಡೆ ಬೆನ್ನು ಹಾಕಿ, ಗ್ಯಾಸ್ಕೆಟ್ ಕೂರುವ ಎರಡೂ ಬದಿಗಳನ್ನು ಲೋಹ ಹೊಳೆಯುವವರೆಗೆ ಕೆರೆದ. ಹೊಸ ಗ್ಯಾಸ್ಕೆಟ್ ತರಿಸಿ, ಪೇಸ್ಟಿಲ್ಲದೆ ಕೂರಿಸಿದ. ಮಧ್ಯದ ನಟ್ಟಿನಿಂದ ಶುರುಮಾಡಿ ಅತ್ತ ಒಂದು ಇತ್ತ ಒಂದು ಸುತ್ತು ಬಿಗಿದ. ಟೈಲರಮ್ಮ ಪ್ರತಿ ನಟ್ಟನ್ನೂ ಗುಂಡಿ ನೋಡುವ ಹಾಗೆ ಎಳೆದು ನೋಡಿದಳು. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಇಂಜಿನ್ ಪೂರ್ತಿ ತಣ್ಣಗಿತ್ತು.

"ಬಾ ಪುಟ್ಟಿ, ಹತ್ತು," ಅಂದ ಡಾಕ್ಟರು, ಸಕ್ಕರೆ ಸುರಿಯುವ ದನಿಯಲ್ಲಿ.

ಮಗಳು ಕದಲಲಿಲ್ಲ. "ಮೊದ್ಲು ನೀವು ಹತ್ತಿ ದೊಡ್ಡಪ್ಪ. ಹಿಂದ್ಗಡೆ. ಗಾಜು ಏರಿಸ್ಕೊಂಡು. ಹತ್ತು ನಿಮಿಷ."

"ಏಯ್, ಹೊಸದೇ ಹಾಕಿದೀನಲ್ಲೇ!"

"ಆಗ್ಲೂ ಹೊಸದೇ ಅಂದಿದ್ರಿ."

ಡಾಕ್ಟರು ನಾದಿನಿಯ ಮುಖ ನೋಡಿದ. ಅವಳು ಇಂಜಿನ್ ಚಾಲೂ ಮಾಡಿ, ಬ್ಲೋವರ್ ಹಾಕಿ, ಹಿಂದಿನ ಬಾಗಿಲು ತೆರೆದು ಹಿಡಿದಿದ್ದಳು. ಅವನು ಮೈ ಮಡಚಿಕೊಂಡು ಒಳಗೆ ತೂರಿದ.

"ನೀನೂ," ಎಂದಳು ಮಗಳು.

ಟೈಲರಮ್ಮ ಭಾವನ ಪಕ್ಕ ಕೂತು, ತನ್ನ ಕಡೆಯ ಗಾಜನ್ನು ಕೊನೆಯವರೆಗೂ ಏರಿಸಿದಳು. ಟಿಕ್ ಎನ್ನುವ ಸದ್ದಿರಲಿಲ್ಲ. ಆದರೂ ನಾಲ್ಕನೇ ನಿಮಿಷಕ್ಕೆ ಡಾಕ್ಟರ ಕೈ ಗಾಜಿನ ಹಿಡಿಯ ಕಡೆ ಮೆಲ್ಲಗೆ ಸರಿಯಿತು.

ಹೊರಗೆ ನಿಂತ ಮಗಳು ಆರು ಬೆರಳು ಎತ್ತಿ ತೋರಿಸಿದಳು.