ಹತ್ತು ಹೆಜ್ಜೆಯ ಜಗಳ

ರಾಜ್ಯ ಕ್ರಿಕೆಟ್ ತಂಡದ ಹೆಸರಾಂತ ಬೌಲರ್ ರಂಜಿತಾ ಕೋಚ್ ಜೊತೆ ಜಗಳವಾಡಿ, ಕ್ಯಾಂಪ್ ಬಿಟ್ಟು ಕೊಡಗಿನ ಪಾಲಿಬೆಟ್ಟದಲ್ಲಿ ಕಾಫಿ ಎಸ್ಟೇಟ್ ಕಾರ್ಮಿಕರ ಸಾಲಿನ ತಮ್ಮ ಲೈನ್ ಮನೆಗೆ ಬಂದಿದ್ದಳು. ಎಸ್ಟೇಟಿನಲ್ಲಿ ಕೆಲಸ ಮಾಡುವ ತಾಯಿ ಸಣ್ಣಿಗೆ ಕುತೂಹಲ ತಡೆಯಲಾಗಲಿಲ್ಲ.

"ಅಂಥದ್ದೇನಾಯ್ತು ಮಗಾ?"

"ದೂರದಿಂದ ಓಡಿಬಂದು ಚೆಂಡು ಹಾಕ್ಬಾರ್ದಂತೆ ಕಣವ್ವ. ಹತ್ತೇ ಹೆಜ್ಜೆಯಂತೆ!"

"ಎರಡೂ ಥರ ಹಾಕು, ನೋಡಾನ."

ಖಾಲಿ ಕಾಫಿ ಕಣದಲ್ಲಿ ಸಣ್ಣಿ ಕೋಲು ಹಿಡಿದು ನಿಂತಳು. ರಂಜಿತಾ ಮೊದಲು ದೂರದಿಂದ ಓಡಿಬಂದು, ಆಮೇಲೆ ಹತ್ತೇ ಹೆಜ್ಜೆಯಲ್ಲಿ ರಬ್ಬರ್ ಚೆಂಡು ಹಾಕಿದಳು.

"ನೀನು ದೂರದಿಂದ ಬರುವಾಗ ನಂಗೆ ಕೋಲು ಎತ್ತೋಕೆ ಟೈಮ್ ಸಿಕ್ತು. ಎರಡನೇ ಸಲ ಸಿಗ್ಲೇ ಇಲ್ಲ," ಎಂದಳು ಸಣ್ಣಿ.

ರಂಜಿತಾಳಿಗೆ ನಗು ಬಂತು. ಕೋಚ್‌ಗೆ ಫೋನ್ ಮಾಡಿದಳು.

"ಸರ್, ಎರಡೂ ಥರ ಹಾಕ್ತೀನಿ, ಬ್ಯಾಟ್ ಹಿಡಿದವ್ರಿಗೆ ಅಂದಾಜೇ ಸಿಗ್ಬಾರ್ದು. ಯಾವಾಗ ಯಾವುದು ಅನ್ನೋದು ಮಾತ್ರ ನಂಗೇ ಬಿಡಿ."

ಆ ಕಡೆಯಿಂದ ಕೋಚ್ ಹೇಳಿದರು:

"ಸೋಮವಾರ ಬಾ. ಅದೇನು ಕಂಡ್ಕೊಂಡೆ ಅಂತ ನಂಗೂ ತೋರ್ಸು."